ಒಂದೇ ಮಡಕೆ, ಎರಡು ಬಾಟ್ಲಿ

ಮಚ್ಚಿನ ತುದಿ ನನ್ನ ಗಂಟಲ ಮೇಲಿತ್ತು.

ಮದ್ದೂರು ಬಿಟ್ಟು ಆರು ಮೈಲಿ. ಮಳವಳ್ಳಿ ಬಸ್ಸು. ಹಿಂದಿನ ಸೀಟು. ಬೆಳಿಗ್ಗೆ ಹತ್ತೂವರೆ. ಬಸ್ಸಿನಲ್ಲಿ ನಲವತ್ತು ಜನ ಇದ್ದರು. ನಲವತ್ತು ಜನವೂ ಕಿಟಕಿಯಾಚೆ ಕಬ್ಬು ನೋಡುತ್ತಿದ್ದರು. ಹುಟ್ಟಿದಾಗಿನಿಂದ ಕಬ್ಬೇ ಕಂಡಿಲ್ಲ ಅನ್ನೋ ಹಾಗೆ.

"ಬಾಟ್ಲಿ ಎಲ್ಲಲಾ?" ಅಂದ ಪುಟ್ಟರಾಜು.

"ಯಾವ ಬಾಟ್ಲಿ?"

ಮೂಗಿನ ಮೇಲೆ ಒಂದು ಬಿತ್ತು. ಬಾಯಿ ತುಂಬ ರಕ್ತ... ಉಪ್ಪುಪ್ಪು. ಆವತ್ತಿನ ಇಡೀ ಜಗಳವೇ ಉಪ್ಪಿನದು.

ಪುಟ್ಟರಾಜು ಮಾರ್ತಾಂಡ ಡೈಯಿಂಗ್ ಮಿಲ್ಲಿನ ವಾಚ್‌ಮನ್. ಹಾಜರಿ ಪುಸ್ತಕದಲ್ಲಿ ಹಾಗಿದೆ. ಅವನು ಮಿಲ್ಲು ಕಾದದ್ದನ್ನ ಯಾರೂ ಕಂಡಿಲ್ಲ. ಮಿಲ್ಲಿನ ಮೇಲೆ ಬಾಯಿ ತೆಗೆದೋರ ಮನೆ ಬಾಗಿಲು ಕಾದದ್ದನ್ನ ಎಲ್ಲರೂ ಕಂಡಿದ್ದಾರೆ.

"ಮಂಡ್ಯದ ಲ್ಯಾಬಿಂದ ಬಾಟ್ಲಿ ಎತ್ಕಂಡ್ ಬಂದಿದ್ದೀಯಂತೆ. ಕೊಟ್ಬುಡು. ಕೊಟ್ರೆ ಮೂಗೊಂದೇ ಓಯ್ತದೆ."

"ಚೀಲದಲ್ಲೈತೆ. ತಗಾ."

ಚೀಲದಲ್ಲಿ ಬಾಟ್ಲಿ ಇತ್ತು. ಮದ್ದೂರು ಬಸ್‌ಸ್ಟ್ಯಾಂಡಿನ ನಲ್ಲಿ ನೀರು ತುಂಬಿದ್ದು. ಪುಟ್ಟರಾಜು ಅದನ್ನ ಕಿಟಕಿಯಿಂದ ಎಸೆದ. ಟಾರಿನ ಮೇಲೆ ಗಾಜು ಪುಡಿಯಾಯಿತು.

ನಿಜವಾದ ಬಾಟ್ಲಿ ನನ್ನ ಅಂಗಿಯೊಳಗಿತ್ತು. ಬರೀ ಹೊಟ್ಟೆಗೆ ಒತ್ತಿ, ಟವಲ್ಲಿನಲ್ಲಿ ಬಿಗಿದು ಕಟ್ಟಿದ್ದೆ. ಭಾರಿ ಬುದ್ಧಿವಂತಿಕೆ ಅಂದುಕೊಂಡಿದ್ದೆ... ಅದೇ ನಾನು ಮಾಡಿದ ತಪ್ಪು. ಅದು ಗೊತ್ತಾಗೋದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು.

ಪುಟ್ಟರಾಜುವಿನ ಜೊತೆ ಒಬ್ಬ ಗುಂಗುರು ತಲೆಯವನಿದ್ದ. ಅವನ ಕಣ್ಣು ಚುರುಕು.

"ಅಣ್ಣೋ, ಇವ್ನ ಒಟ್ಟೆ ನೋಡು. ಉಪಾಸ ಬೀಳೋ ನನ್ಮಗನಿಗೆ ಇಷ್ಟು ಬೊಜ್ಜು ಎಲ್ಲಿಂದ ಬಂತು?"

ಅದೇ ಹೊತ್ತಿಗೆ ಮುಂದೆ ಕಬ್ಬಿನ ಗಾಡಿ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಮಚ್ಚು ಒಂದಿಂಚು ಸರಿಯಿತು.

ಒಂದಿಂಚು ಸಾಕು.

ಪುಟ್ಟರಾಜುವಿನ ತೊಡೆಸಂದಿಗೆ ಮೊಣಕಾಲು ಕೊಟ್ಟೆ. ಗುಂಗುರು ತಲೆಯನ್ನ ಸೀಟಿನ ಕಂಬಿಗೆ ಗುದ್ದಿದೆ. ಹಿಂಬಾಗಿಲಿನಿಂದ ಹಾರಿದೆ. ಬಲಮಗ್ಗುಲಿಗೆ ಬಿದ್ದೆ, ಹೊಟ್ಟೆ ಮೇಲೆ ಮಾಡಿಕೊಂಡು. ಬಸುರಿ ಹೆಂಗಸು ಬೀಳೋ ಹಾಗೆ.

ಕಬ್ಬಿನ ಗದ್ದೆಗೆ ನುಗ್ಗಿದೆ.

ಬೆಳೆದ ಕಬ್ಬಿನೊಳಗೆ ಓಡಿದ್ದೀರಾ ನೀವು? ಗರಿ ಬ್ಲೇಡಿನ ಹಾಗೆ ಕುಯ್ಯುತ್ತೆ. ಕೆನ್ನೆ, ಕಿವಿ, ಮುಂಗೈ... ಎಲ್ಲ ಗೀರು. ಎರಡು ಮಾರಿನಾಚೆ ಏನೂ ಕಾಣಲ್ಲ. ಹಿಂದೆ ಗರಿ ಸದ್ದು ಮಾತ್ರ.

ನಿಂತೆ. ಸದ್ದು ಹತ್ತಿರ ಬರಲಿ ಅಂತ ಕಾದೆ. ಗುಂಗುರು ತಲೆ ಕಬ್ಬು ಸರಿಸಿಕೊಂಡು ಬಂತು. ಅವನ ಕೈಯಲ್ಲಿ ಸೈಕಲ್ ಚೈನು ಇತ್ತು. ನನ್ನ ಕೈಯಲ್ಲಿ ಮುರಿದ ಕಬ್ಬಿನ ಜಲ್ಲೆ. ಮೊಣಕಾಲಿನ ಚಿಪ್ಪಿಗೇ ಕೊಟ್ಟೆ. ಎರಡು ಮುರಿದವು. ಜಲ್ಲೆ ಒಂದು, ಚಿಪ್ಪು ಒಂದು.

ಪುಟ್ಟರಾಜು ಎಲ್ಲೋ ಕೂಗುತ್ತಿದ್ದ. "ಲೇ ಪುಟ್ಟಮಾದ! ಮಳವಳ್ಳೀಲಿ ಸಿಕ್ಕೇ ಸಿಕ್ತೀಯ ಕಣ್ಲಾ!"

ಅದು ನಿಜ. ಮಳವಳ್ಳಿಗೆ ಹೋಗದೆ ನನಗೆ ವಿಧಿ ಇರಲಿಲ್ಲ.

ನನ್ನ ಹೆಸರು ಪುಟ್ಟಮಾದಯ್ಯ. ಕೆರಗೋಡಿನ ಕಡೆಯೋನು. ಏಳು ವರ್ಷ ಮಂಡ್ಯದ ಒಂದು ಲ್ಯಾಬಿನಲ್ಲಿ ಬಾಟ್ಲಿ ತೊಳೆದೆ. ಮಣ್ಣು, ನೀರು ಪರೀಕ್ಷೆ ಮಾಡೋ ಜಾಗ. ತೊಳೀತಾ ತೊಳೀತಾ ಅಳೆಯೋದನ್ನೂ ಕಲಿತೆ. ಒಂದು ದಿನ ಮೇಲಿನವನೊಬ್ಬ, "ನಿನ್ನ ಲೋಟ ಬೇರೆ ಇಡು" ಅಂದ. ಆ ಲೋಟವನ್ನೇ ಅವನ ಹಲ್ಲಿಗೆ ಕೊಟ್ಟೆ. ಕೆಲಸ ಹೋಯಿತು. ಈಗ ಬೇರೆಯವರು ಮುಟ್ಟದ ಕೆಲಸ ಮಾಡ್ತೀನಿ.

ಮೂರು ದಿನದ ಹಿಂದೆ ಚಿಕ್ಕಬೋರಮ್ಮ ನನ್ನ ಹುಡುಕಿಕೊಂಡು ಬಂದಳು. ಅವಳ ಗಂಡ ಹೊನ್ನಯ್ಯ ಹಲಗೂರು ಕಡೆ ಕಾಲುವೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೂಬು ತೆಗೆದು ಮುಚ್ಚೋನು. ಮಿಲ್ಲಿನ ಚರಂಡಿ ಆ ಕಾಲುವೆಗೆ ಸೇರುತ್ತಿತ್ತು. ಬಣ್ಣ ಹಿಡಿಸೋದಕ್ಕೆ ಮೂಟೆಗಟ್ಟಲೆ ಉಪ್ಪು ಹಾಕ್ತಾರೆ, ಅದೆಲ್ಲ ಅಲ್ಲಿಗೇ. ಎರಡು ವರ್ಷದಲ್ಲಿ ಮುನ್ನೂರು ಎಕರೆ ಗದ್ದೆ ಬೆಳ್ಳಗಾಯಿತು. ಹೊನ್ನಯ್ಯ ಚರಂಡಿಯ ತೂಬು ಮುಚ್ಚಿ, ಬೀಗ ಹಾಕಿ, ಅದರ ಮೇಲೆ ಕೂತ.

ಪುಟ್ಟರಾಜು ಬಂದು ಕೀಲಿಕೈ ಕೇಳಿದ. ಕೊಡಲಿಲ್ಲ. ಹತ್ತು ಬೆರಳನ್ನೂ ಒಂದೊಂದಾಗಿ ಮುರಿದ. ಆಗಲೂ ಸಿಗಲಿಲ್ಲ. ಹೊನ್ನಯ್ಯ ಅದನ್ನ ಮೊದಲೇ ಕಾಲುವೆಗೆ ಎಸೆದಿದ್ದ.

"ಈಗ ಆಸ್ಪತ್ರೇಲಿ ಅವ್ರಿಗೆ ಅನ್ನ ಕಲಸಿ ನಾನೇ ತಿನ್ನುಸ್ತೀನಿ," ಅಂದಳು ಚಿಕ್ಕಬೋರಮ್ಮ. ಅಳಲಿಲ್ಲ. "ಕೈ ಓದ್ರೆ ಓಗ್ಲಿ ಕಣಣ್ಣ. ತೂಬು ಮಾತ್ರ ತೆಗೀಕೂಡ್ದು ಅಂತಾರೆ. ಏನಾರ ಮಾಡು."

ಆ ತೂಬಿನ ಹಣೆಬರಹ ನಾನು ಬಸ್ಸು ಹತ್ತಿದ ದಿನವೇ ಹನ್ನೆರಡು ಗಂಟೆಗೆ ತೀರ್ಮಾನ ಆಗೋದಿತ್ತು. ಮಳವಳ್ಳಿ ಐಬಿಯಲ್ಲಿ. ಬೆಂಗಳೂರಿನಿಂದ ಸಾಹೇಬರೊಬ್ಬರು ಮೀಟರು ತಂದು ನೀರಿನ ಉಪ್ಪು ಅಳೆಯೋರಿದ್ದರು. ಮುಳ್ಳು ಎರಡು ಸಾವಿರದ ಇನ್ನೂರೈವತ್ತು ದಾಟಿದರೆ ತೂಬಿಗೆ ಸರ್ಕಾರದ ಸೀಲು. ದಾಟದಿದ್ದರೆ ಬೀಗ ಒಡೆದು ತೂಬು ತೆಗೆಸೋದು.

ಮೀಟರಿನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. ನೀರಲ್ಲಿ ಉಪ್ಪು ಹೆಚ್ಚಿದಷ್ಟೂ ಕರೆಂಟು ಸಲೀಸಾಗಿ ಹರಿಯುತ್ತೆ. ಎಷ್ಟು ಹರೀತು ಅಂತ ಮುಳ್ಳು ಹೇಳುತ್ತೆ. ಆದರೆ ಮುಳ್ಳಿಗೆ ಮೊದಲು ಪಾಠ ಹೇಳಿಕೊಡಬೇಕು. ಲೆಕ್ಕಾಚಾರವಾಗಿ ಉಪ್ಪು ಬೆರೆಸಿದ ಅಳತೆಯ ನೀರು ಅಂತ ಇರುತ್ತೆ. ಅದರಲ್ಲಿ ಅದ್ದಿ, ತಿರುಪು ತಿರುಗಿಸಿ, ಮುಳ್ಳನ್ನ ಸಾವಿರದ ನಾನೂರ ಹದಿಮೂರಕ್ಕೆ ನಿಲ್ಲಿಸಬೇಕು. ಅಂಗಡಿಯ ತೂಕದ ಕಲ್ಲು ಇದ್ದ ಹಾಗೆ. ಕಲ್ಲು ಸುಳ್ಳಾದರೆ ತಕ್ಕಡಿಯೂ ಸುಳ್ಳು.

ಸಾಹೇಬರ ಜೀಪಿನಲ್ಲಿ ಮೀಟರು ಮಾತ್ರ ಬರುತ್ತೆ. ಅಳತೆಯ ನೀರು ಮಿಲ್ಲಿನವರದು. ಅದೇ ನಡೆದುಬಂದ ಪದ್ಧತಿ. ಕಳ್ಳನ ಕೈಗೇ ಕಲ್ಲು!

ಅದಕ್ಕೇ ನನ್ನ ಹೊಟ್ಟೆಯ ಮೇಲೆ ಅಳತೆಯ ನೀರಿನ ಬೇರೆ ಬಾಟ್ಲಿ ಇತ್ತು.

ಕಬ್ಬಿನ ಲಾರಿಯೊಂದರ ಹಿಂದೆ ನೇತಾಡಿಕೊಂಡು ಮಳವಳ್ಳಿ ಸೇರಿದೆ. ಆಗಲೇ ಹನ್ನೆರಡು ದಾಟಿ ಐದು ನಿಮಿಷ. ಐಬಿ ಗೇಟಿನಲ್ಲಿ ಚಿಕ್ಕಬೋರಮ್ಮ ನಿಂತಿದ್ದಳು.

"ನೀರು?" ಅಂದೆ.

"ಒಳೀಕ್ ಕೊಟ್ಟೆ. ತೂಬಿನತ್ರ ಸಾಹೇಬ್ರ ಮುಂದೇನೆ ತುಂಬಿದ್ದು. ಮೂತಿಗೆ ಅರಗು ಹಾಕಿ ಅವ್ರೇ ಮುದ್ರೆ ಒತ್ತವ್ರೆ." ನನ್ನ ಮುಖ ನೋಡಿದಳು. "ನಿನ್ ಮೂಗೆಲ್ಲಣ್ಣ?"

"ಬಸ್ಸಲ್ಲಿ ಬಿಟ್ಟು ಬಂದೆ."

ಒಳಗೆ ಹೋದೆ. ಮೇಜಿನ ಮೇಲೆ ಮೀಟರು. ಮೇಜಿನ ಹಿಂದೆ ಸಾಹೇಬರು, ಚಲುವನಾರಾಯಣ ಅಂತ. ದಪ್ಪ ಕನ್ನಡಕ, ಇಸ್ತ್ರಿ ಅಂಗಿ. ಪಕ್ಕದಲ್ಲಿ ಮಿಲ್ಲಿನ ಕೆಮಿಸ್ಟು ಯೋಗಾನರಸಿಂಹ. ಅವನ ಕೈಯಲ್ಲಿ ಅಳತೆಯ ನೀರು ತುಂಬಿದ ಒಂದು ಥರ್ಮಾಸ್ ಫ್ಲಾಸ್ಕು. ಚರಂಡಿ ನೀರಿನ ಅರಗು ಆಗಲೇ ಒಡೆದಿತ್ತು.

"ಒಂದು ಸಾವಿರದ ಎಂಟುನೂರ ಅರವತ್ತು," ಅಂತಿದ್ದ ಕೆಮಿಸ್ಟು. "ನೋಡಿ ಸಾರ್. ಎಷ್ಟೋ ಕಡಿಮೆ."

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು.

"ಬರೀಬೇಡಿ ಸಾರ್," ಅಂದೆ.

"ಯಾರಯ್ಯ ನೀನು? ಏನಿದು ರಕ್ತ?"

"ಬಾಟ್ಲಿ ತೊಳೀತಿದ್ದೋನು ಸಾರ್," ಅಂದ ಯೋಗಾನರಸಿಂಹ. ನಗುತ್ತಾ. "ಕುಡಿದು ಬಂದಿರಬೇಕು."

"ಆ ಫ್ಲಾಸ್ಕು ಯಾಕೆ ಸಾರ್?" ಅಂದೆ ಕೆಮಿಸ್ಟಿಗೆ.

"ಧೂಳು ಬೀಳಬಾರದು ಅಂತ."

"ಧೂಳು ತಡೆಯೋಕೆ ಬಿರಡೆ ಸಾಕಲ್ಲ. ಸಾಹೇಬರೇ, ಕೈಯೊಡ್ಡಿ."

ಫ್ಲಾಸ್ಕು ಕಿತ್ತುಕೊಂಡೆ. ಕೆಮಿಸ್ಟು ಅಡ್ಡ ಬಂದ. ಎದೆಗೆ ಮೊಣಕೈ ಕೊಟ್ಟೆ, ಕುರ್ಚಿ ಸಮೇತ ಗೋಡೆಗೆ ಹೋದ. ಸಾಹೇಬರ ಅಂಗೈಗೆ ಅಳತೆಯ ನೀರು ಸುರಿದೆ.

ಸಾಹೇಬರು ಕೈ ಹಿಂದಕ್ಕೆ ಎಳೆದುಕೊಂಡರು. ಕೂಸಿಗೆ ನೀರು ಹಾಕೋ ಹದದಲ್ಲಿತ್ತು ಅದು.

"ಬಾಟ್ಲಿ ಮೇಲೆ ಇಪ್ಪತ್ತೈದು ಡಿಗ್ರಿ ಅಂತ ಬರೆದಿರುತ್ತೆ ಸಾರ್, ಸಣ್ಣಕ್ಷರದಲ್ಲಿ. ಬಿಸಿಯಾದರೂ ಕರೆಂಟು ಜಾಸ್ತಿ ಹರಿಯುತ್ತೆ. ಡಿಗ್ರಿಗೆ ನೂರಕ್ಕೆ ಎರಡು. ಇದು ನಲವತ್ತೈದು ಡಿಗ್ರಿ ಇರಬೇಕು. ಇಪ್ಪತ್ತು ಡಿಗ್ರಿ ಮೇಲೆ. ನೂರಕ್ಕೆ ನಲವತ್ತು ಸುಳ್ಳು. ಬಿಸಿ ನೀರನ್ನ ಸಾವಿರದ ನಾನೂರ ಹದಿಮೂರು ಅಂತ ಮುಳ್ಳಿಗೆ ಹೇಳಿಕೊಟ್ಟಿದ್ದಾರೆ. ಇನ್ನು ಮೇಲೆ ಅದು ಎಲ್ಲವನ್ನೂ ಕಡಿಮೆಯೇ ಹೇಳುತ್ತೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ವಿದ್ಯೆ ಇತ್ತು ಆ ಮನುಷ್ಯನಿಗೆ. ಕೈ ಮುಟ್ಟಿ ನೋಡೋ ಅಭ್ಯಾಸ ಇರಲಿಲ್ಲ, ಅಷ್ಟೆ.

"ಥರ್ಮಾಮೀಟರ್ ಎಲ್ರೀ?"

"ದಾರೀಲಿ ಒಡೆದುಹೋಯ್ತು ಸಾರ್," ಅಂದ ಕೆಮಿಸ್ಟು ನೆಲದಿಂದ.

"ಒಡೆದುಹೋಯ್ತು." ಸಾಹೇಬರು ನನ್ನ ಕಡೆ ತಿರುಗಿದರು. "ನಿನ್ನ ಹತ್ತಿರ ಬೇರೆ ಬಾಟ್ಲಿ ಇದೆಯೇನಯ್ಯ?"

ಅಂಗಿ ಎತ್ತಿದೆ. ಟವಲ್ ಬಿಚ್ಚಿದೆ. ಬಾಟ್ಲಿಗೆ ಲ್ಯಾಬಿನ ಮೊಹರು ಹಾಗೇ ಇತ್ತು. ಸಾಹೇಬರು ಮೊಹರು ನೋಡಿದರು, ಒಡೆದರು, ಗಾಜಿನ ಕಡ್ಡಿ ಅದ್ದಿದರು. ತಿರುಪು ತಿರುಗಿಸಿ ಮುಳ್ಳು ನಿಲ್ಲಿಸಿದರು. ಕಡ್ಡಿ ತೊಳೆದು ಚರಂಡಿ ನೀರಿಗೆ ಇಳಿಸಿದರು.

ಮುಳ್ಳು ಎದ್ದಿತು. ಎರಡು ಸಾವಿರ... ಎರಡು ಸಾವಿರದ ನೂರು...

ಎರಡು ಸಾವಿರದ ನೂರ ಅರವತ್ತು. ನಿಂತಿತು.

ದಾಟಲಿಲ್ಲ.

ಯೋಗಾನರಸಿಂಹ ಎದ್ದು ಪ್ಯಾಂಟು ಒದರಿಕೊಂಡ. "ಈಗ ಅವನದೇ ಬಾಟ್ಲಿ ಸಾರ್. ಇನ್ನೇನು ಬೇಕು?"

ಚಿಕ್ಕಬೋರಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕಿಂತ ಮಚ್ಚು ವಾಸಿ.

ಬಾಟ್ಲಿ ಕೈಗೆತ್ತಿಕೊಂಡೆ. ಆಗ ಗೊತ್ತಾಯಿತು.

ಬೆಚ್ಚಗಿತ್ತು.

ಬೆಳಗಿನಿಂದ ನನ್ನ ಹೊಟ್ಟೆಯ ಮೇಲಿದ್ದ ಬಾಟ್ಲಿ. ಓಡಿದ ಮೈ, ಹೊಡೆದಾಡಿದ ಮೈ. ಹತ್ತು ಡಿಗ್ರಿ ಹತ್ತಿಸಿದ್ದೆ ಅದಕ್ಕೆ. ಅವನು ಬೇಕಂತಲೇ ಕಾಯಿಸಿದ. ನಾನು ಕಾಪಾಡೋದಕ್ಕೆ ಹೋಗಿ ಕಾಯಿಸಿದೆ. ಮುಳ್ಳಿಗೆ ಎರಡೂ ಒಂದೇ.

"ಸಾರ್, ಅರ್ಧ ಗಂಟೆ ಕೊಡಿ," ಅಂದೆ.

"ಥರ್ಮಾಮೀಟರ್ ಇಲ್ಲದೆ ಇಪ್ಪತ್ತೈದು ಡಿಗ್ರಿ ಅಂತ ಹೇಗಯ್ಯ ಹೇಳ್ತೀಯ?"

"ಇಪ್ಪತ್ತೈದು ಬೇಕಾಗಿಲ್ಲ ಸಾರ್. ಅಳತೆಯ ನೀರು, ಚರಂಡಿ ನೀರು, ಎರಡಕ್ಕೂ ಬಿರಡೆ ಹಾಕಿ ಒಂದೇ ಮಡಕೆಯಲ್ಲಿ ಮುಳುಗಿಸೋಣ. ಮಡಕೆ ಎಷ್ಟು ತಣ್ಣಗಿದೆಯೋ ಎರಡೂ ಅಷ್ಟೇ ತಣ್ಣಗಾಗ್ತವೆ. ಎರಡೂ ಸಮ ಇದ್ದರೆ ಸುಳ್ಳು ಹೇಳೋಕೆ ಮುಳ್ಳಿಗೆ ದಾರಿ ಇಲ್ಲ."

ಸಾಹೇಬರು ಯೋಚಿಸಿದರು. ತಲೆಯಾಡಿಸಿದರು.

ಅಡುಗೆಮನೆಯಲ್ಲಿ ಕುಡಿಯೋ ನೀರಿನ ದೊಡ್ಡ ಮಡಕೆ ಇತ್ತು. ಮರಳ ಮೇಲೆ ಕೂರಿಸಿ ಒದ್ದೆ ಬಟ್ಟೆ ಸುತ್ತಿದ್ದರು. ಐಬಿಯ ಮೇಟಿ ಶಿವಣ್ಣ ಅದಕ್ಕೆ ಅಡ್ಡ ನಿಂತ. ಒಲೆಯ ಮೇಲೆ ಸಾಹೇಬರ ಊಟಕ್ಕೆ ಎಸರು ಕುದೀತಿತ್ತು.

"ಇದು ಸಾಹೇಬ್ರು ಕುಡ್ಯೋ ನೀರು ಕಣಯ್ಯ. ಇದ್ರೊಳಗೆ ಚರಂಡಿ ಬಾಟ್ಲಿನಾ? ಅದ್ರಲ್ಲೂ ನೀನು..."

ಅಲ್ಲಿಗೆ ನಿಲ್ಲಿಸಿದ. ಆ 'ನೀನು' ಆದ ಮೇಲೆ ಏನು ಬರುತ್ತೆ ಅಂತ ನನಗೆ ಗೊತ್ತು. ಅವನಿಗೂ ಗೊತ್ತು. ಬಾಗಿಲಲ್ಲಿ ನಿಂತಿದ್ದ ಸಾಹೇಬರಿಗೂ ಗೊತ್ತು.

"ಬಿಡು ಶಿವಣ್ಣ," ಅಂದರು ಸಾಹೇಬರು. ಒಂದು ಕ್ಷಣ ತಡವಾಗಿ.

ಎರಡು ಬಾಟ್ಲಿ ಹಿಡಿದು ಮೊಣಕೈವರೆಗೂ ಮುಳುಗಿಸಿದೆ. ಜನವರಿ ತಿಂಗಳ ಮಡಕೆ ನೀರು. ಕೈಯ ಗೀರುಗಳೆಲ್ಲ ಉರಿದು ತಣ್ಣಗಾದವು.

ಆಗ ಹೊರಗೆ ಜೀಪು ನಿಂತ ಸದ್ದು. ಯೋಗಾನರಸಿಂಹ ಮುಂಬಾಗಿಲಿನಿಂದ ಓಡಿದ. ಸಾಹೇಬರು ಫೋನೆತ್ತಿದರು. ಸತ್ತಿತ್ತು. ತಂತಿ ಕತ್ತರಿಸಿದ್ದರು.

ಅಡುಗೆಮನೆಗೆ ಎರಡು ಬಾಗಿಲು. ಸಾಹೇಬರೂ ಚಿಕ್ಕಬೋರಮ್ಮನೂ ಒಳಗೆ ಬಂದ ಮೇಲೆ ಒಳಗಿನದಕ್ಕೆ ಚಿಲಕ ಹಾಕಿದೆ. ಹಿತ್ತಲಿನದಕ್ಕೆ ಚಿಲಕ ಇರಲಿಲ್ಲ. ನಾನಿದ್ದೆ.

"ಸಾಹೇಬ್ರೇ," ಅಂತ ಹಿತ್ತಲಿಂದ ಪುಟ್ಟರಾಜುವಿನ ಗಂಟಲು. ಭಾರಿ ಮರ್ಯಾದೆ. "ನಿಮ್ ತಂಟೆಗೆ ಬರಾಕಿಲ್ಲ. ಆ ಮಡಕೆ ಒಡೆದು ಓಯ್ತೀವಿ. ಒಸಿ ಆಚೆ ಬಂದ್ಬುಡಿ."

"ಹನ್ನೆರಡೂ ಇಪ್ಪತ್ತು," ಅಂದರು ಸಾಹೇಬರು. ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದರು. ಮಣೆ ಎಳೆದುಕೊಂಡು ಮಡಕೆಯ ಪಕ್ಕ ಕೂತರು. "ಹನ್ನೆರಡೂ ಐವತ್ತಕ್ಕೆ ಮುಂಚೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

ಮೊದಲನೆಯವನು ಬಾಗಿಲಿಗೆ ಭುಜ ಕೊಟ್ಟ. ಬಾಗಿಲು ತಟ್ಟನೆ ತೆಗೆದೆ. ಅವನ ಭುಜದ ಜೊತೆ ಅವನೂ ಒಳಗೆ ಬಿದ್ದ. ಒಲೆಯ ಊದುಗೊಳವೆ ಕೈಗೆ ಸಿಕ್ಕಿತು. ಕಬ್ಬಿಣದ್ದು. ಕುತ್ತಿಗೆಯ ಹಿಂದೆ ಒಂದು. ಅವನು ಅಲ್ಲೇ ಮಲಗಿದ. ಬಾಗಿಲು ಮುಚ್ಚಿ, ಕಾಲು ಹಿಡಿದೆಳೆದು ಅವನನ್ನೇ ಅದಕ್ಕೆ ಒತ್ತುಕೊಟ್ಟೆ.

"ಎಂಟು ನಿಮಿಷ," ಅಂದರು ಸಾಹೇಬರು.

ಕಿಟಕಿಯಿಂದ ಕಲ್ಲು ಬಂತು. ಒಂದು ಶಿವಣ್ಣನ ಹಣೆಗೆ. ಅವನು ಮೂಲೆ ಹಿಡಿದ. ಇನ್ನೊಂದು ನೇರ ಮಡಕೆಗೇ ಬಂತು. ನಾನು ನೋಡಿದೆ, ಕೈ ಎಟುಕಲಿಲ್ಲ. ಸಾಹೇಬರು ಮಡಕೆಯ ಮೇಲೆ ಬೋರಲು ಬಾಗಿದರು. ಕಲ್ಲು ಅವರ ಬೆನ್ನಿಗೆ ಬಿತ್ತು. ಇಸ್ತ್ರಿ ಅಂಗಿಯ ಮೇಲೆ ಕೆಂಪು ಮೂಡಿತು. ಅವರು ಏಳಲಿಲ್ಲ. ಮಗು ಅಪ್ಪಿಕೊಂಡ ಹಾಗೆ ಮಡಕೆ ಅಪ್ಪಿಕೊಂಡು, ಕೈಯಲ್ಲಿದ್ದ ಗಡಿಯಾರ ನೋಡಿದರು.

"ಹದಿನೇಳು."

ಬಾಗಿಲು ಕೀಲಿನಿಂದಲೇ ಕಿತ್ತು ಬಂತು. ಮುಂದೆ ಪುಟ್ಟರಾಜು, ಹಿಂದೆ ಇಬ್ಬರು. ಮಚ್ಚು ಬೀಸಿದ. ಊದುಗೊಳವೆ ಅಡ್ಡ ಹಿಡಿದೆ. ಎರಡನೆಯ ಬೀಸು ಎಡದ ತೋಳಿಗೆ ಸಿಕ್ಕಿತು. ತೋಳು ನನ್ನದಲ್ಲ ಅನ್ನೋ ಹಾಗೆ ಜೋತುಬಿತ್ತು. ಗೋಡೆಗೆ ಒರಗಿದೆ. ಮಚ್ಚು ಮೂರನೆಯ ಸಲ ಮೇಲೆದ್ದಿತು.

"ಅಣ್ಣ, ಬಗ್ಗು," ಅಂದಳು ಚಿಕ್ಕಬೋರಮ್ಮ. ಕೂಗಲಿಲ್ಲ. ಉಪ್ಪು ಕೊಡು ಅನ್ನೋ ಹಾಗೆ ಹೇಳಿದಳು.

ಬಗ್ಗಿದೆ.

ಕುದಿಯೋ ಎಸರು ನನ್ನ ತಲೆಯ ಮೇಲಿಂದ ಹೋಯಿತು. ಪಾತ್ರೆ ತುಂಬ. ಪುಟ್ಟರಾಜುವಿನ ಮುಖ, ಕತ್ತು, ಎದೆ... ಅವನು ಕಿರುಚಿದ್ದು ಬಸ್‌ಸ್ಟ್ಯಾಂಡಿಗೂ ಕೇಳಿಸಿತಂತೆ. ಮಚ್ಚು ಬಿತ್ತು. ಹಿಂದಿನ ಇಬ್ಬರು ಅವನನ್ನೂ ಮಚ್ಚನ್ನೂ ಬಿಟ್ಟು ಓಡಿದರು.

ಅವನ ಎದೆಯ ಮೇಲೆ ಮಂಡಿ ಊರಿದೆ. ಬಲಗೈ ತೋರುಬೆರಳು ಹಿಡಿದು ಹಿಂದಕ್ಕೆ ಮಡಚಿದೆ. ಒಣ ಕಡ್ಡಿಯ ಸದ್ದು. ಹೊನ್ನಯ್ಯ ಇದನ್ನ ಹತ್ತು ಸಲ ಕೇಳಿಸಿಕೊಂಡಿದ್ದ.

ಎರಡನೆಯ ಬೆರಳು ಹಿಡಿದೆ.

"ಬುಡಣ್ಣ," ಅಂದಳು ಚಿಕ್ಕಬೋರಮ್ಮ. ಅವಳ ಕೈ ಬೊಬ್ಬೆ ಎದ್ದಿತ್ತು. ಬಟ್ಟೆ ಹಿಡಿಯದೆ ಪಾತ್ರೆ ಎತ್ತಿದ್ದಳು. "ಇವ್ನಿಗೂ ಹೆಂಡ್ತಿ ಅವ್ಳೆ. ಹತ್ತೂ ಮುರುದ್ರೆ ಅವ್ಳು ತಿನ್ನುಸ್ಬೇಕಾಯ್ತದೆ."

ಬಿಟ್ಟೆ.

"ಮೂವತ್ತು," ಅಂದರು ಸಾಹೇಬರು.

ಬೆನ್ನು ಹಿಡಿದುಕೊಂಡು ಎದ್ದರು. ಬಾಟ್ಲಿಗಳನ್ನ ತಾವೇ ಎತ್ತಿದರು. ಈ ಸಲ ಎರಡನ್ನೂ ಕೆನ್ನೆಗೆ ಒತ್ತಿ ನೋಡಿದರು. ಒಂದು ಆ ಕೆನ್ನೆಗೆ, ಒಂದು ಈ ಕೆನ್ನೆಗೆ. ಸಮ.

ಮೇಜು. ಮೀಟರು. ಅಳತೆಯ ನೀರು. ತಿರುಪು. ಸಾವಿರದ ನಾನೂರ ಹದಿಮೂರು. ಕಡ್ಡಿ ತೊಳೆದರು. ಚರಂಡಿ ನೀರು.

ಮುಳ್ಳು ಎದ್ದಿತು. ಎರಡು ಸಾವಿರದ ನೂರ ಅರವತ್ತರ ಹತ್ತಿರ ತೂಗಿತು... ನಿಲ್ಲಲಿಲ್ಲ. ಇನ್ನೂರೈವತ್ತನ್ನ ಹೊಸಲು ದಾಟೋ ಹಾಗೆ ದಾಟಿತು.

ಎರಡು ಸಾವಿರದ ಆರುನೂರು.

"ದಾಟ್ತಾ?" ಅಂದಳು ಚಿಕ್ಕಬೋರಮ್ಮ.

"ದಾಟ್ತು ಕಣವ್ವ."

"ಅಂಗಾರೆ ಆಸ್ಪತ್ರೆಗೆ ಓಯ್ತೀನಿ. ಅವ್ರಿಗೆ ಯೋಳ್ಬೇಕು." ಅಷ್ಟೇ ಹೇಳಿದಳು. ಸೆರಗಿನಲ್ಲಿ ಕೈ ಸುತ್ತಿಕೊಂಡು ಹೊರಟಳು.

ಸಾಹೇಬರು ಬರೆದರು. ಸಹಿ ಹಾಕಿದರು. ಸೀಲು ಒತ್ತಿದರು. ನನ್ನ ತೋಳಿಗೆ ತಮ್ಮ ಕರ್ಚೀಫು ತಾವೇ ಕಟ್ಟಿದರು. ಒಳ್ಳೆಯ ಮನುಷ್ಯ... ನನ್ನ ಅಳತೆಗಾಗಿ ಬೆನ್ನಿಗೆ ಕಲ್ಲು ತಿಂದವರು. ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಅವರಿಗೆ ಬಾಯಾರಿತು. ಶಿವಣ್ಣ ಲೋಟ ತಂದು ಮಡಕೆಯ ಮುಂದೆ ನಿಂತ. ಸಾಹೇಬರು ಮಡಕೆ ನೋಡಿದರು. ನನ್ನ ಕೈ ನೋಡಿದರು.

"ಬೇಡ," ಅಂದರು. "ಬಾವಿಯಿಂದ ಹೊಸದಾಗಿ ಸೇದಿಕೊಂಡು ಬಾ."

ಚರಂಡಿಯ ಬಾಟ್ಲಿ ಮುಳುಗಿದ್ದಕ್ಕೋ, ನನ್ನ ಕೈ ಮುಳುಗಿದ್ದಕ್ಕೋ... ನಾನು ಕೇಳಲಿಲ್ಲ. ಅದನ್ನ ಅಳೆಯೋ ಮೀಟರು ಆ ಜೀಪಿನಲ್ಲಿ ಇರಲಿಲ್ಲ.